ಕಾಲೇಜು ಸಮಿತಿಗೆ ನಿಮ್ಮ ಹೆಸರು ಬಂದಾಗ: ಅಧ್ಯಾಪಕರಿಗೊಂದು ಸಮಗ್ರ ಮಾರ್ಗದರ್ಶಿ

ಶೈಕ್ಷಣಿಕ ವರ್ಷದ ಆರಂಭದಲ್ಲಿ ಒಂದು ಸುತ್ತೋಲೆ ಬರುತ್ತದೆ. ಅದರಲ್ಲಿ ಸಮಿತಿಗಳ ಪಟ್ಟಿ, ಪ್ರತಿ ಸಮಿತಿಯ ಕೆಳಗೆ ನಾಲ್ಕೈದು ಹೆಸರು. ಒಂದು ಹೆಸರು ನಿಮ್ಮದು. ಯಾಕೆ ಹಾಕಿದರು, ಏನು ಮಾಡಬೇಕು, ಎಷ್ಟು ದಿನ ಮಾಡಬೇಕು, ಇದ್ಯಾವುದನ್ನೂ ಬರೆದಿರುವುದಿಲ್ಲ.

ನಾನು ಮೊದಲ ಸಲ ಸಮಿತಿಯಲ್ಲಿ ಕೂತಾಗ ಪಾಠ ಮಾಡಲು ಶುರುಮಾಡಿ ಎರಡು ವರ್ಷವೂ ಆಗಿರಲಿಲ್ಲ. ಅದು ಗ್ರಂಥಾಲಯ ಸಮಿತಿ. ಮೂರು ಸಭೆಗೆ ಹೋದೆ, ಸಹಿ ಹಾಕಿದೆ, ಬಂದೆ. ಮೂರರಲ್ಲೂ ಒಂದೇ ವಿಷಯ ಬಂತು: ಪರೀಕ್ಷೆಯ ದಿನಗಳಲ್ಲಿ ಗ್ರಂಥಾಲಯ ಸಂಜೆ ಎರಡು ಗಂಟೆ ಜಾಸ್ತಿ ತೆರೆದಿರಬೇಕು. ಮೂರು ಸಲವೂ ಎಲ್ಲರೂ ಒಪ್ಪಿದರು. ಪರೀಕ್ಷೆ ಮುಗಿಯಿತು. ಗ್ರಂಥಾಲಯ ಮಾತ್ರ ಎಂದಿನ ಹೊತ್ತಿಗೇ ಮುಚ್ಚುತ್ತಿತ್ತು. ಯಾರೂ ಬೇಡ ಅಂದಿರಲಿಲ್ಲ. ಆ ಎರಡು ಗಂಟೆ ಯಾರು ಕೂರುತ್ತಾರೆ ಅಂತ ಗ್ರಂಥಪಾಲಕರನ್ನು ಕೇಳುವ ಕೆಲಸ ಯಾರ ಪಾಲಿಗೂ ಬಿದ್ದಿರಲಿಲ್ಲ. ಒಬ್ಬ ವಿದ್ಯಾರ್ಥಿನಿ ಬಂದು, “ಸರ್, ನೀವೂ ಆ ಸಮಿತಿಯಲ್ಲಿ ಇದ್ದೀರಲ್ಲಾ?” ಎಂದು ಕೇಳಿದಳು. ಉತ್ತರ ಹೇಳಲು ನನಗೆ ಬಾಯಿ ಬರಲಿಲ್ಲ.

ಆವತ್ತಿನಿಂದ ಒಂದು ಮಾತು ಮನಸ್ಸಿನಲ್ಲಿ ಉಳಿದಿದೆ. ಸಮಿತಿಯ ಕೆಲಸದ ದೊಡ್ಡ ಪಾಲು ಎರಡು ಸಭೆಗಳ ನಡುವೆ ನಡೆಯುತ್ತದೆ. ಆ ನಡುವಿನ ಕೆಲಸವನ್ನು ಹೇಗೆ ಮಾಡಬೇಕು ಅಂತ ನಮಗೆ ಯಾರೂ ಕಲಿಸುವುದಿಲ್ಲ. ಕಲಿತದ್ದನ್ನು ಹೆಜ್ಜೆಹೆಜ್ಜೆಯಾಗಿ ಇಲ್ಲಿ ಬರೆದಿದ್ದೇನೆ.

ಹೆಜ್ಜೆ 1: ಇದು ಯಾವ ಬಗೆಯ ಸಮಿತಿ ಅಂತ ತಿಳಿದುಕೊಳ್ಳಿ

ಹೆಸರು ನೋಡಿ ಅಳೆಯಬೇಡಿ. ಸಮಿತಿ, ಮಂಡಳಿ, ಪರಿಷತ್ತು, ಕೋಶ ಎಂಬ ಹೆಸರುಗಳಿಗೆ ಒಂದೊಂದು ಕಡೆ ಒಂದೊಂದು ಅರ್ಥ. ಕೇಳಬೇಕಾದ ಪ್ರಶ್ನೆ ಒಂದೇ: ಈ ಸಮಿತಿ ಹೇಳಿದ್ದು ಜಾರಿಯಾಗಲು ಇನ್ನೊಬ್ಬರ ಸಹಿ ಬೇಕೇ?

ಬೇಡವಾದರೆ ಅದು ತೀರ್ಮಾನ ತೆಗೆದುಕೊಳ್ಳುವ ಸಮಿತಿ. ಅಲ್ಲಿ ನಿಮ್ಮ ಮತಕ್ಕೆ ನೇರ ಪರಿಣಾಮವಿದೆ. ಬೇಕಾದರೆ ಅದು ಸಲಹಾ ಸಮಿತಿ. ಅಲ್ಲಿ ನಿಮ್ಮ ಕೆಲಸ, ಸಹಿ ಹಾಕುವವರು ಸರಿಯಾಗಿ ತೀರ್ಮಾನಿಸುವಂತೆ ವಿಷಯವನ್ನು ಸಿದ್ಧಮಾಡಿ ಕೊಡುವುದು. ಈ ಎರಡರ ವ್ಯತ್ಯಾಸ ಗೊತ್ತಿಲ್ಲದೆ ಕೂತವರು ಬೇಗ ಬೇಸರಗೊಳ್ಳುತ್ತಾರೆ. “ನಾವು ಹೇಳಿದ್ದನ್ನು ಕೇಳಲೇ ಇಲ್ಲ” ಅಂತ ನೊಂದುಕೊಳ್ಳುತ್ತಾರೆ. ಎಷ್ಟೋ ಸಲ ಆ ಸಮಿತಿಗೆ ತೀರ್ಮಾನಿಸುವ ಅಧಿಕಾರವೇ ಇರುವುದಿಲ್ಲ. ಶಿಫಾರಸು ಮಾಡುವ ಅಧಿಕಾರ ಮಾತ್ರ ಇರುತ್ತದೆ.

ಮೂರನೆಯದು ಕಾನೂನು ಅಥವಾ ನಿಯಮ ಕಡ್ಡಾಯ ಮಾಡಿದ ಸಮಿತಿ. ಯಾರು ಇರಬೇಕು, ಎಷ್ಟು ದಿನದಲ್ಲಿ ಕೆಲಸ ಮುಗಿಸಬೇಕು ಎಂಬುದನ್ನು ಕಾಲೇಜು ತನಗೆ ಬೇಕಾದಂತೆ ಬದಲಿಸುವ ಹಾಗಿಲ್ಲ. ಉದಾಹರಣೆಗೆ, ಮನುಷ್ಯರ ಮೇಲೆ ನಡೆಸುವ ಸಂಶೋಧನೆಯನ್ನು ಪರಿಶೀಲಿಸುವ ನೈತಿಕ ಸಮಿತಿ. ಅಮೆರಿಕದ ಕೇಂದ್ರ ನಿಯಮದ ಪ್ರಕಾರ ಅದರಲ್ಲಿ ಕನಿಷ್ಠ 5 ಸದಸ್ಯರು ಇರಬೇಕು. ಒಬ್ಬರಾದರೂ ವಿಜ್ಞಾನದ ಹೊರಗಿನವರು, ಒಬ್ಬರಾದರೂ ಆ ಸಂಸ್ಥೆಗೆ ಸಂಬಂಧ ಇಲ್ಲದವರು ಆಗಿರಬೇಕು. ಭಾರತದಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) 2017ರ ಮಾರ್ಗಸೂಚಿ 7ರಿಂದ 15 ಸದಸ್ಯರನ್ನು ಹೇಳುತ್ತದೆ. ಅಧ್ಯಕ್ಷರು ಸಂಸ್ಥೆಯ ಹೊರಗಿನವರಾಗಿರಬೇಕು. ಹೊರಗಿನವರು ಯಾಕೆ? ಒಳಗಿನವರಿಗೆ ಸಹೋದ್ಯೋಗಿಯ ಮುಖ ಕಾಣುತ್ತದೆ. ಸಂಶೋಧನೆಗೆ ಒಳಗಾಗುವವರ ಮುಖ ಅಷ್ಟು ಸುಲಭಕ್ಕೆ ಕಾಣುವುದಿಲ್ಲ.

ಅಧ್ಯಾಪಕರು ಇದರಲ್ಲೆಲ್ಲ ಯಾಕೆ ಇರಬೇಕು ಎಂಬ ಪ್ರಶ್ನೆಗೂ ಉತ್ತರ ಇದೆ. 1966ರಲ್ಲಿ ಅಮೆರಿಕದ ಪ್ರಾಧ್ಯಾಪಕರ ಸಂಘ ಎಎಯುಪಿ ಕಾಲೇಜುಗಳ ಆಡಳಿತದ ಬಗ್ಗೆ ಒಂದು ಹೇಳಿಕೆ ಹೊರಡಿಸಿತು. ಪಠ್ಯಕ್ರಮ, ಬೋಧನೆಯ ವಿಧಾನ, ಸಂಶೋಧನೆ, ಅಧ್ಯಾಪಕರ ನೇಮಕಾತಿ ಮತ್ತು ಬಡ್ತಿ, ಓದಿಗೆ ಸಂಬಂಧಪಟ್ಟ ವಿದ್ಯಾರ್ಥಿ ಜೀವನ, ಇವುಗಳಲ್ಲಿ ಮೊದಲ ಹೊಣೆ ಅಧ್ಯಾಪಕರದ್ದು ಎಂದು ಅದು ಹೇಳಿತು. ಹಣಕಾಸು, ಕಟ್ಟಡದಂಥ ವಿಷಯಗಳಲ್ಲಿ ಅಧ್ಯಾಪಕರ ದನಿ ಬೇಕು, ಆದರೆ ಕೊನೆಯ ಮಾತು ಅವರದ್ದೇ ಆಗಬೇಕಿಲ್ಲ. ಯಾವ ಸಮಿತಿಯಲ್ಲಿ ಪಟ್ಟು ಹಿಡಿಯಬೇಕು, ಯಾವುದರಲ್ಲಿ ಸಲಹೆ ಕೊಟ್ಟು ಸುಮ್ಮನಾಗಬೇಕು ಎಂದು ಯೋಚಿಸುವಾಗ ನನಗೆ ಈ ಹಂಚಿಕೆ ಇಂದಿಗೂ ಉಪಯೋಗಕ್ಕೆ ಬರುತ್ತದೆ.

ಹೆಜ್ಜೆ 2: ಒಪ್ಪುವ ಮೊದಲು ಲೆಕ್ಕ ಹಾಕಿ

ಕೆಲವು ಸಮಿತಿಗಳಿಗೆ ಬೇಡ ಅನ್ನುವ ಅವಕಾಶ ಇರುವುದಿಲ್ಲ. ಅವಕಾಶ ಇರುವ ಕಡೆ ಈ ನಾಲ್ಕು ಪ್ರಶ್ನೆ ಕೇಳಿ. ವರ್ಷಕ್ಕೆ ಎಷ್ಟು ಸಭೆ? ಸದಸ್ಯತ್ವ ಎಷ್ಟು ವರ್ಷ? ಹಿಂದಿನ ವರ್ಷ ಈ ಸಮಿತಿ ಏನು ಮಾಡಿ ಮುಗಿಸಿತು? ಬರೆಯುವ ಕೆಲಸ ಯಾರದ್ದು?

ನಾಲ್ಕನೆಯದನ್ನು ಬಿಡಬೇಡಿ. ತಿಂಗಳಿಗೆ ಒಂದು ಗಂಟೆಯ ಸಭೆ ಅಂತ ಒಪ್ಪಿಕೊಂಡು, ಆಮೇಲೆ ವರದಿ ಬರೆಯುವುದೂ ಮಾಹಿತಿ ಒಟ್ಟುಮಾಡುವುದೂ ನಿಮ್ಮ ತಲೆಗೇ ಬಂದರೆ ವಾರಕ್ಕೆ ಅರ್ಧ ದಿನ ಹೋಗುತ್ತದೆ. ಸಂಶೋಧನೆಗೆ ಒತ್ತು ಕೊಡುವ ಅನೇಕ ವಿಶ್ವವಿದ್ಯಾಲಯಗಳಲ್ಲಿ ಕಾರ್ಯಭಾರವನ್ನು 40-40-20 ಎಂದು ಹಂಚುತ್ತಾರೆ: ಬೋಧನೆ 40, ಸಂಶೋಧನೆ 40, ಸಮಿತಿಯಂಥ ಸೇವೆ 20. ವಾರಕ್ಕೆ 40 ಗಂಟೆ ಎಂದುಕೊಂಡರೆ 20 ಶೇಕಡಾ ಅಂದರೆ 8 ಗಂಟೆ. ನಿಮ್ಮಲ್ಲಿ ಹಂಚಿಕೆ ಬೇರೆ ಇರಬಹುದು. ಆದರೂ ನೀವು ಈಗಾಗಲೇ ಇರುವ ಸಮಿತಿಗಳ ಗಂಟೆಗಳನ್ನು ಒಮ್ಮೆ ಕಾಗದದ ಮೇಲೆ ಕೂಡಿಸಿ ನೋಡಿ. ಬಹಳ ಜನ ಆ ಮೊತ್ತ ನೋಡಿ ಬೆಚ್ಚಿಬೀಳುತ್ತಾರೆ.

ಇಲ್ಲಿ ಒಂದು ಅನ್ಯಾಯದ ಬಗ್ಗೆ ಹೇಳಲೇಬೇಕು. ಬಡ್ತಿಗೆ ಎಣಿಕೆಯಾಗದ ಕೆಲಸಗಳು ಎಲ್ಲರ ಮೇಲೂ ಒಂದೇ ಥರ ಬೀಳುವುದಿಲ್ಲ. ಅರ್ಥಶಾಸ್ತ್ರಜ್ಞೆ ಲಿಂಡಾ ಬ್ಯಾಬ್ಕಾಕ್ ಮತ್ತು ಜೊತೆಗಾರರು 2017ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ, ಗಂಡಸರೂ ಹೆಂಗಸರೂ ಇದ್ದ ಗುಂಪಿನಲ್ಲಿ ಇಂಥ ಕೆಲಸಕ್ಕೆ ಹೆಂಗಸರೇ ಜಾಸ್ತಿ ಮುಂದೆ ಬಂದರು. ಹೆಂಗಸರನ್ನೇ ಕೇಳುವುದೂ ಜಾಸ್ತಿ ಇತ್ತು. ಬರೀ ಗಂಡಸರ ಗುಂಪು ಮಾಡಿದಾಗ ಅವರೇ ಮುಂದೆ ಬಂದರು! ಅಂದರೆ ಇದು ಸ್ವಭಾವದ ಮಾತಲ್ಲ. ಅವರು ಮಾಡುತ್ತಾರೆ ಬಿಡು ಎಂಬ ನಿರೀಕ್ಷೆಯ ಮಾತು. ಇದೇ ರೀತಿ, ಅಲ್ಪಸಂಖ್ಯಾತ ಸಮುದಾಯದ ಅಧ್ಯಾಪಕರನ್ನು ‘ನಿಮ್ಮವರು ಒಬ್ಬರು ಇರಲಿ’ ಎಂದು ಎಲ್ಲ ಸಮಿತಿಗೂ ಎಳೆಯುವುದನ್ನು ಮನಶ್ಶಾಸ್ತ್ರಜ್ಞ ಅಮಾಡೋ ಪಡಿಯಾ 1994ರಲ್ಲಿ ‘ಸಾಂಸ್ಕೃತಿಕ ತೆರಿಗೆ’ ಎಂದು ಕರೆದರು. ನೀವು ವಿಭಾಗ ಮುಖ್ಯಸ್ಥರಾಗಿದ್ದರೆ ಕೈ ಎತ್ತಿದವರಿಗೆ ಕೆಲಸ ಕೊಡಬೇಡಿ. ಸರದಿಯ ಪಟ್ಟಿ ಮಾಡಿ, ಎಲ್ಲರ ಕಣ್ಣಿಗೆ ಬೀಳುವ ಕಡೆ ಹಾಕಿ.

ಬೇಡ ಅನ್ನುವುದು ಹೇಗೆ? ನೇರವಾಗಿ, ಕಾರಣ ಕೊಟ್ಟು, ಬೇಗ. “ಮೇಡಂ, ಈ ವರ್ಷ ಪರೀಕ್ಷಾ ಸಮಿತಿಯಲ್ಲೂ ಪ್ರವೇಶ ಸಮಿತಿಯಲ್ಲೂ ಇದ್ದೇನೆ. ಇದನ್ನೂ ತೆಗೆದುಕೊಂಡರೆ ಮೂರನ್ನೂ ಅರ್ಧಂಬರ್ಧ ಮಾಡಿದ ಹಾಗಾಗುತ್ತದೆ. ಎರಡರಲ್ಲಿ ಒಂದರಿಂದ ಬಿಡುಗಡೆ ಮಾಡಿದರೆ ಇದನ್ನು ಸಂತೋಷದಿಂದ ಮಾಡುತ್ತೇನೆ.” ಹೀಗೆ ಹೇಳಿದರೆ ಯಾರ ಮನಸ್ಸೂ ನೋಯುವುದಿಲ್ಲ. ಹೂಂ ಅಂದು ಆಮೇಲೆ ಸಭೆಗೆ ಬಾರದಿರುವುದೇ ದೊಡ್ಡ ತೊಂದರೆ. ನೀವು ಕೂರದ ಆ ಕುರ್ಚಿಯಿಂದ ಕೋರಂ, ಅಂದರೆ ಸಭೆಗೆ ಬೇಕಾದ ಕನಿಷ್ಠ ಸದಸ್ಯರ ಸಂಖ್ಯೆ, ಕೆಡುತ್ತದೆ.

ಹೊಸದಾಗಿ ಸೇರಿದವರಿಗೆ ನನ್ನ ಸಲಹೆ: ಮೊದಲ ಎರಡು ವರ್ಷ ಒಂದೇ ಸಮಿತಿ. ಅದೂ ವಿದ್ಯಾರ್ಥಿಗಳಿಗೆ ಹತ್ತಿರದ್ದು. ಗ್ರಂಥಾಲಯ, ಪಠ್ಯಕ್ರಮ, ವೇಳಾಪಟ್ಟಿ, ಇಂಥವು.

ಹೆಜ್ಜೆ 3: ಮೊದಲ ಸಭೆಗೆ ಮುಂಚೆ ಹಳೆಯ ಕಡತ ಓದಿ

ಒಂದು ಸಂಜೆ ಸಾಕು. ಕಳೆದ ಎರಡು ವರ್ಷದ ನಡಾವಳಿಗಳನ್ನು, ಅಂದರೆ ಸಭೆಗಳ ಲಿಖಿತ ದಾಖಲೆಗಳನ್ನು, ಕಾರ್ಯದರ್ಶಿಯಿಂದ ಕೇಳಿ ಪಡೆಯಿರಿ. ಜೊತೆಗೆ ಸಮಿತಿ ರಚಿಸಿದ ಆದೇಶದ ಪ್ರತಿಯನ್ನೂ ಪಡೆಯಿರಿ. ಆದೇಶದಲ್ಲಿ ಸಮಿತಿಯ ಕೆಲಸ ಏನು, ವರದಿ ಯಾರಿಗೆ, ಅವಧಿ ಎಷ್ಟು ಎಂದು ಇರಬೇಕು. ಇಲ್ಲದಿದ್ದರೆ ಮೊದಲ ಸಭೆಯಲ್ಲೇ ಅದನ್ನು ಕೇಳುವುದು ನಿಮ್ಮ ಮೊದಲ ಸೇವೆ.

ಓದುವಾಗ ಒಂದು ಹಾಳೆಯಲ್ಲಿ ಮೂರು ಕಲಂ ಹಾಕಿಕೊಳ್ಳಿ. ಏನು ತೀರ್ಮಾನವಾಯಿತು, ಯಾರಿಗೆ ವಹಿಸಿದರು, ಏನಾಯಿತು. ಮೂರನೆಯ ಕಲಂ ಬಹಳ ಕಡೆ ಖಾಲಿ ಉಳಿಯುತ್ತದೆ. ನಿಮ್ಮ ಸಮಿತಿಯ ನಿಜವಾದ ಕೆಲಸ ಎಲ್ಲಿ ನಿಂತಿದೆ ಎಂಬುದು ಆ ಖಾಲಿ ಜಾಗಗಳಲ್ಲಿ ಸಿಗುತ್ತದೆ. ಒಂದೇ ವಿಷಯ ಮೂರು ಸಲ ‘ಚರ್ಚಿಸಲಾಯಿತು’ ಎಂದು ಬಂದಿದ್ದರೆ ಅದಕ್ಕೆ ಗುರುತು ಹಾಕಿ.

ಆಮೇಲೆ ಹಿಂದಿನ ಸದಸ್ಯರೊಬ್ಬರ ಜೊತೆ ಹತ್ತು ನಿಮಿಷ ಮಾತಾಡಿ. ಕಾಗದದಲ್ಲಿ ಇಲ್ಲದ್ದು ಅವರಿಗೆ ಗೊತ್ತಿರುತ್ತದೆ.

ಹೆಜ್ಜೆ 4: ಕಾರ್ಯಸೂಚಿಯಲ್ಲಿ ವಿಷಯ ಸೇರಿಸುವುದು

ಸಭೆಯಲ್ಲಿ ಎದ್ದು ನಿಂತು ಹೊಸ ವಿಷಯ ಎತ್ತಿದರೆ ಅದಕ್ಕೆ ಸಿಗುವುದು ‘ಅಧ್ಯಕ್ಷರ ಅಪ್ಪಣೆ ಮೇರೆಗೆ ಇತರ ವಿಷಯಗಳು’ ಎಂಬ ಕೊನೆಯ ಐದು ನಿಮಿಷ. ಅಷ್ಟರಲ್ಲಿ ಅರ್ಧ ಜನ ಚೀಲ ಹೆಗಲಿಗೆ ಹಾಕಿಕೊಂಡಿರುತ್ತಾರೆ. ಅದಕ್ಕೇ ವಾರ ಮುಂಚೆ ಸಂಚಾಲಕರಿಗೆ ಒಂದು ಪುಟದ ಟಿಪ್ಪಣಿ ಕೊಡಿ. ಒಂದೇ ಪುಟ. ಸಮಸ್ಯೆ ಏನು, ಯಾರಿಗೆ ತೊಂದರೆ, ಎರಡು ಅಥವಾ ಮೂರು ದಾರಿ, ಪ್ರತಿ ದಾರಿಗೆ ಬೇಕಾದ ಹಣ ಮತ್ತು ಸಮಯ, ನಿಮ್ಮ ಅಭಿಪ್ರಾಯದಲ್ಲಿ ಯಾವುದು ಒಳ್ಳೆಯದು. ಕೊನೆಯ ಸಾಲಿನಲ್ಲಿ ಸಮಿತಿ ಅಂಗೀಕರಿಸಬೇಕಾದ ನಿರ್ಣಯವನ್ನೇ ಬರೆದುಬಿಡಿ. ಬರೆದ ವಾಕ್ಯ ಕಣ್ಣೆದುರು ಇದ್ದರೆ ಜನ ಅದನ್ನು ತಿದ್ದುತ್ತಾರೆ. ಇಲ್ಲದಿದ್ದರೆ ವಿಷಯವನ್ನೇ ಸುತ್ತುತ್ತಾರೆ.

ವಿಷಯಗಳ ಕ್ರಮವೂ ಮುಖ್ಯ. ಬ್ರಿಟಿಷ್ ಇತಿಹಾಸಕಾರ ಸಿ. ನಾರ್ತ್‌ಕೋಟ್ ಪಾರ್ಕಿನ್ಸನ್ 1957ರಲ್ಲಿ ಒಂದು ಕಾಲ್ಪನಿಕ ಸಮಿತಿಯ ಕಥೆ ಹೇಳಿದರು. ಅದು ಅಣು ಸ್ಥಾವರದ ಭಾರಿ ಖರ್ಚನ್ನು ನಿಮಿಷಗಳಲ್ಲಿ ಒಪ್ಪಿಬಿಡುತ್ತದೆ. ಸೈಕಲ್ ನಿಲ್ಲಿಸುವ ಶೆಡ್ಡಿನ ಮೇಲೆ ಮುಕ್ಕಾಲು ಗಂಟೆ ವಾದ ಮಾಡುತ್ತದೆ. ಸ್ಥಾವರ ಯಾರಿಗೂ ಅರ್ಥವಾಗುವುದಿಲ್ಲ, ಶೆಡ್ಡು ಎಲ್ಲರಿಗೂ ಅರ್ಥವಾಗುತ್ತದೆ. ಕಾಲೇಜಿನಲ್ಲೂ ಇದನ್ನು ಕಣ್ಣಾರೆ ನೋಡಿದ್ದೇನೆ. ಮೌಲ್ಯಮಾಪನ ಪದ್ಧತಿ ಬದಲಿಸುವ ವಿಷಯ ಹತ್ತು ನಿಮಿಷಕ್ಕೆ ಪಾಸಾಯಿತು. ಗುರುತಿನ ಚೀಟಿಯ ಬಣ್ಣಕ್ಕೆ ಮುಕ್ಕಾಲು ಗಂಟೆ ಬೇಕಾಯಿತು. ಪರಿಹಾರ ಸರಳ. ಭಾರದ ವಿಷಯ ಮೊದಲಿಗೆ ಇಡಿ. ಪ್ರತಿ ವಿಷಯದ ಮುಂದೆ ನಿಮಿಷ ಬರೆಯಿರಿ. ಜೊತೆಗೆ ‘ಮಾಹಿತಿಗಾಗಿ’, ‘ಚರ್ಚೆಗಾಗಿ’, ‘ತೀರ್ಮಾನಕ್ಕಾಗಿ’ ಈ ಮೂರರಲ್ಲಿ ಒಂದನ್ನು ಬರೆಯಿರಿ.

ಹೆಜ್ಜೆ 5: ಸಭೆಯಲ್ಲಿ

ಮೊದಲು ಕೋರಂ ಎಣಿಸಿ. ಬೇಕಾದಷ್ಟು ಸದಸ್ಯರು ಇಲ್ಲದೆ ತೆಗೆದುಕೊಂಡ ತೀರ್ಮಾನವನ್ನು ನಾಳೆ ಯಾರಾದರೂ ಪ್ರಶ್ನಿಸಿದರೆ ಪೂರ್ತಿ ಕೆಲಸ ನೀರಲ್ಲಿ ಹೋಮ. ಎಷ್ಟು ಬೇಕು ಎಂಬುದು ನಿಮ್ಮ ಸಂಸ್ಥೆಯ ನಿಯಮದಲ್ಲಿ ಇರುತ್ತದೆ. ಅಮೆರಿಕದ ಸೇನಾ ಎಂಜಿನಿಯರ್ ಹೆನ್ರಿ ಮಾರ್ಟಿನ್ ರಾಬರ್ಟ್ 1876ರಲ್ಲಿ ಸಭಾ ನಿಯಮಗಳ ಕೈಪಿಡಿಯೊಂದನ್ನು ಹೊರತಂದರು. ಅದರ ಪರಿಷ್ಕೃತ ರೂಪವನ್ನು ಇಂದಿಗೂ ಅನೇಕ ಸಂಸ್ಥೆಗಳು ಅನುಸರಿಸುತ್ತವೆ. ಅದರ ಪ್ರಕಾರ, ಸಮಿತಿಗೆ ಬೇರೆ ನಿಯಮ ಇಲ್ಲದಿದ್ದರೆ ಸದಸ್ಯರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಇರಬೇಕು. ಹತ್ತು ಹನ್ನೆರಡು ಜನರ ಸಣ್ಣ ಮಂಡಳಿಯಲ್ಲಿ ಒಬ್ಬರು ಮಂಡಿಸಿದ ಸೂಚನೆಗೆ ಇನ್ನೊಬ್ಬರು ಅನುಮೋದಕರು ಬೇಕೆಂಬ ಕಟ್ಟುಪಾಡೂ ಇಲ್ಲ. ಸಣ್ಣ ಸಮಿತಿಯಲ್ಲಿ ದೊಡ್ಡ ಸಭೆಯ ಶಿಷ್ಟಾಚಾರ ತಂದರೆ ಕೆಲಸ ನಿಧಾನವಾಗುತ್ತದೆ, ಅಷ್ಟೇ.

ಇನ್ನು ಮಾತಾಡುವ ವಿಷಯ. ಕಿರಿಯ ಅಧ್ಯಾಪಕರಿಗೆ ಇದೇ ಕಷ್ಟ. ಎದುರಿಗೆ ಪ್ರಿನ್ಸಿಪಾಲರು, ಪಕ್ಕದಲ್ಲಿ ನಮಗೇ ಪಾಠ ಹೇಳಿದ ಮೇಷ್ಟ್ರು. ಹೇಗೆ ಬೇರೆ ಅಭಿಪ್ರಾಯ ಹೇಳುವುದು? ಮನಶ್ಶಾಸ್ತ್ರಜ್ಞ ಸಾಲಮನ್ ಆಶ್ 1950ರ ದಶಕದಲ್ಲಿ ಮಾಡಿದ ಪ್ರಯೋಗ ನನಗೆ ಧೈರ್ಯ ಕೊಟ್ಟಿದೆ. ಗೆರೆಗಳ ಉದ್ದ ಹೋಲಿಸುವ ಸುಲಭದ ಪ್ರಶ್ನೆ. ಗುಂಪಿನ ಉಳಿದವರೆಲ್ಲ ಬೇಕೆಂದೇ ತಪ್ಪು ಉತ್ತರ ಹೇಳಿದಾಗ ಬಹಳ ಜನ ತಮ್ಮ ಕಣ್ಣನ್ನೇ ನಂಬದೆ ಆಗಾಗ ಆ ತಪ್ಪಿಗೇ ಹೂಂ ಅಂದರು. ಆದರೆ ಇನ್ನೊಬ್ಬರೇ ಒಬ್ಬರು ಸರಿ ಉತ್ತರ ಹೇಳಿದರೆ ಸಾಕು, ಹಾಗೆ ತಲೆಯಾಡಿಸುವುದು ಎಷ್ಟೋ ಪಾಲು ಇಳಿಯಿತು. ನಿಮ್ಮ ಮನಸ್ಸಿನಲ್ಲಿರುವ ಅನುಮಾನ ಇನ್ನಿಬ್ಬರ ಮನಸ್ಸಿನಲ್ಲೂ ಇರುವ ಸಾಧ್ಯತೆ ಜಾಸ್ತಿ. ನೀವು ಹೇಳಿದ ಮೇಲೆ ಅವರಿಗೂ ಬಾಯಿ ಬರುತ್ತದೆ.

ಹೇಳುವ ರೀತಿ ಇದೆ, ಅಲ್ವಾ? “ಇದು ಸರಿಯಿಲ್ಲ” ಅನ್ನುವ ಬದಲು ಪ್ರಶ್ನೆ ಕೇಳಿ. “ಸರ್, ಹಾಜರಾತಿಯನ್ನು ಇಷ್ಟು ಬಿಗಿ ಮಾಡಿದರೆ, ಬೆಳಗ್ಗೆ ಕೆಲಸಕ್ಕೆ ಹೋಗಿ ಕಾಲೇಜಿಗೆ ಬರುವ ಮಕ್ಕಳಿಗೆ ಏನು ವ್ಯವಸ್ಥೆ?” ಪ್ರಶ್ನೆಗೆ ಉತ್ತರ ಹುಡುಕುವಾಗ ಎಲ್ಲರೂ ಒಂದೇ ಕಡೆ ನಿಲ್ಲುತ್ತಾರೆ. ಕೈಯಲ್ಲಿ ಅಂಕಿಅಂಶ ಇರಲಿ. ನಿಮ್ಮ ತರಗತಿಯಲ್ಲಿ ಅಂಥವರು ಎಷ್ಟು ಜನ ಅಂತ ಎಣಿಸಿಕೊಂಡು ಹೋಗಿ. ಹನ್ನೊಂದು ಜನ ಎಂಬ ಮಾತಿಗೆ ‘ತುಂಬಾ ಜನ’ ಎಂಬ ಮಾತಿಗಿಂತ ತೂಕ ಜಾಸ್ತಿ.

ದನಿ ಜೋರಾಗಿರುವ ಇಬ್ಬರೇ ಸಭೆ ನಡೆಸುತ್ತಿದ್ದರೆ ಒಂದು ವಿಧಾನ ಇದೆ. ಸಂಶೋಧಕರಾದ ಡೆಲ್ಬೆಕ್ ಮತ್ತು ವ್ಯಾನ್ ಡಿ ವೆನ್ 1971ರಲ್ಲಿ ವಿವರಿಸಿದ್ದು. ಮೊದಲು ಎಲ್ಲರೂ ಐದು ನಿಮಿಷ ಮಾತಿಲ್ಲದೆ ತಮ್ಮ ಸಲಹೆಗಳನ್ನು ಚೀಟಿಯಲ್ಲಿ ಬರೆಯುತ್ತಾರೆ. ಆಮೇಲೆ ಸುತ್ತಲೂ ಒಬ್ಬೊಬ್ಬರು ಒಂದೊಂದು ಓದುತ್ತಾರೆ, ಅದನ್ನು ಬೋರ್ಡಿನ ಮೇಲೆ ಬರೆಯುತ್ತಾರೆ. ಎಲ್ಲವೂ ಬಂದ ಮೇಲೆ ಚರ್ಚೆ. ಕೊನೆಗೆ ಪ್ರತಿಯೊಬ್ಬರೂ ತಮ್ಮ ಆದ್ಯತೆಗೆ ಗುಟ್ಟಾಗಿ ಅಂಕ ಕೊಡುತ್ತಾರೆ. ವಿದ್ಯಾರ್ಥಿ ಪ್ರತಿನಿಧಿಗಳು ಇರುವ ಸಮಿತಿಯಲ್ಲಿ ಇದನ್ನು ಮಾಡಿ ನೋಡಿ. ವರ್ಷವಿಡೀ ಬಾಯಿ ಬಿಡದ ಹುಡುಗನ ಚೀಟಿಯಲ್ಲಿ ಏನಿತ್ತು ಅಂತ ತಿಳಿದು ನಾನು ಬೆರಗಾಗಿದ್ದೇನೆ.

ಮತ ಹಾಕಿ ಸೋತರೆ? ಬಹುಮತದ ತೀರ್ಮಾನ ಸಮಿತಿಯ ತೀರ್ಮಾನ. ಹೊರಗೆ ಹೋಗಿ ಕಾರಿಡಾರಿನಲ್ಲಿ ಅದನ್ನು ಹಳಿಯಬೇಡಿ. ವಿಷಯ ನಿಜಕ್ಕೂ ಗಂಭೀರವಾದರೆ ಭಿನ್ನಾಭಿಪ್ರಾಯದ ಟಿಪ್ಪಣಿ ಬರೆದು ನಡಾವಳಿಗೆ ಲಗತ್ತಿಸಲು ಕೇಳಿ. ಐದಾರು ಸಾಲು ಸಾಕು. ವ್ಯಕ್ತಿಗಳ ಹೆಸರು ಬೇಡ, ಕಾರಣ ಇರಲಿ. ಇಂಥ ಟಿಪ್ಪಣಿಯನ್ನು ನಾನು ಇಷ್ಟು ವರ್ಷಗಳಲ್ಲಿ ಎರಡೇ ಸಲ ಬರೆದಿದ್ದೇನೆ. ಅಪರೂಪಕ್ಕೆ ಬಳಸಿದರೆ ಓದುತ್ತಾರೆ.

ಹೆಜ್ಜೆ 6: ನಡಾವಳಿ ಬರೆಯುವುದು

ಇದನ್ನು ಗುಮಾಸ್ತಿಕೆ ಅಂದುಕೊಂಡು ದೂರ ತಳ್ಳುವವರೇ ಹೆಚ್ಚು. ನನಗೆ ಮಾತ್ರ ಸಮಿತಿಯಲ್ಲಿ ಇದಕ್ಕಿಂತ ಹೊಣೆಯ ಕೆಲಸ ಕಾಣುವುದಿಲ್ಲ. ಸಭೆಯಲ್ಲಿ ಏನೇ ಮಾತಾಡಿರಲಿ, ಆರು ತಿಂಗಳ ನಂತರ ಉಳಿಯುವುದು ನಡಾವಳಿಯಲ್ಲಿ ಇದ್ದದ್ದು ಮಾತ್ರ.

ನನ್ನ ಗ್ರಂಥಾಲಯ ಸಮಿತಿಯ ನಡಾವಳಿಯಲ್ಲಿ ಇದ್ದ ಸಾಲು ಇದು: ‘ಗ್ರಂಥಾಲಯದ ಸಮಯ ವಿಸ್ತರಿಸುವ ಬಗ್ಗೆ ಚರ್ಚಿಸಲಾಯಿತು ಮತ್ತು ಸೂಕ್ತ ಕ್ರಮ ಕೈಗೊಳ್ಳಲು ತೀರ್ಮಾನಿಸಲಾಯಿತು.’ ಈ ವಾಕ್ಯದಲ್ಲಿ ಕರ್ತೃವೇ ಇಲ್ಲ. ಯಾರು ಕೈಗೊಳ್ಳಬೇಕು? ಯಾವಾಗ? ಸೂಕ್ತ ಅಂದರೆ ಏನು? ನಮ್ಮ ಕಚೇರಿ ಕನ್ನಡದ ‘ಲಾಗು’ ರೂಪ ಹೊಣೆಯನ್ನು ನುಂಗಿಬಿಡುತ್ತದೆ. ‘ಮಾಡಲಾಯಿತು’, ‘ಸೂಚಿಸಲಾಯಿತು’, ‘ಕ್ರಮ ವಹಿಸಲಾಗುವುದು’. ನಡಾವಳಿ ಬರೆಯುವಾಗ ಆ ಲಾಗು ಬಂದ ಕಡೆಯೆಲ್ಲ ನಿಂತು, ಯಾರು ಅಂತ ಕೇಳಿಕೊಳ್ಳಿ.

ಅದೇ ಸಾಲನ್ನು ಹೀಗೆ ಬರೆಯಬಹುದಿತ್ತು: ‘ಪರೀಕ್ಷೆಗೆ ಮುಂಚಿನ ಎರಡು ವಾರ ಮತ್ತು ಪರೀಕ್ಷೆ ಮುಗಿಯುವವರೆಗೆ ಗ್ರಂಥಾಲಯವನ್ನು ಸಂಜೆ 5ರ ಬದಲು 7ರವರೆಗೆ ತೆರೆದಿಡಬೇಕೆಂದು ಸಮಿತಿ ಶಿಫಾರಸು ಮಾಡಿದೆ. ಸಿಬ್ಬಂದಿಯ ಸರದಿ ಪಟ್ಟಿಯನ್ನು ಗ್ರಂಥಪಾಲಕರ ಜೊತೆ ಮಾತಾಡಿ ಸಂಚಾಲಕರು 10ನೇ ತಾರೀಖಿನೊಳಗೆ ಪ್ರಿನ್ಸಿಪಾಲರಿಗೆ ಸಲ್ಲಿಸುತ್ತಾರೆ.’ ಇದನ್ನು ಓದಿದ ಮೇಲೆ ಮುಂದಿನ ಸಭೆಯಲ್ಲಿ ಕೇಳಬೇಕಾದ ಪ್ರಶ್ನೆ ತಾನಾಗಿ ಹುಟ್ಟುತ್ತದೆ.

ಉಳಿದಂತೆ ನಡಾವಳಿಯಲ್ಲಿ ಇರಬೇಕಾದ್ದು: ದಿನ, ಹೊತ್ತು, ಜಾಗ, ಹಾಜರಾದವರು, ಅನುಮತಿ ಪಡೆದು ಬಾರದವರು, ಹಿಂದಿನ ನಡಾವಳಿಯ ದೃಢೀಕರಣ, ಹಿಂದಿನ ತೀರ್ಮಾನಗಳ ಮೇಲಿನ ಕ್ರಮ, ಪ್ರತಿ ವಿಷಯಕ್ಕೆ ತೀರ್ಮಾನ, ಅದರ ಒಂದೆರಡು ಮುಖ್ಯ ಕಾರಣ, ಮುಂದಿನ ಸಭೆಯ ದಿನ. ಯಾರು ಯಾರಿಗೆ ಏನಂದರು ಎಂಬ ಸಂಭಾಷಣೆ ಬೇಡ. ಕಾರಣ ಮಾತ್ರ ತಪ್ಪಿಸಬೇಡಿ. ಎರಡು ವರ್ಷದ ನಂತರ ಹೊಸ ಸಮಿತಿ ಬಂದು ‘ಇವರು ಯಾಕೆ ಹೀಗೆ ಮಾಡಿದರು’ ಎಂದು ನೋಡಿದಾಗ ಅವರಿಗೆ ಬೇಕಾಗುವುದು ಅದೇ.

ಎರಡು ದಿನದೊಳಗೆ ಕರಡು ಕಳಿಸಿ. ವಾರ ಕಳೆದರೆ ನೆನಪು ಮಸುಕಾಗುತ್ತದೆ. ಆಮೇಲೆ ಪ್ರತಿಯೊಬ್ಬರ ನೆನಪೂ ಬೇರೆ ಬೇರೆ. ಮತ್ತೆ, ಬರೆಯುವ ಕೆಲಸ ಪ್ರತಿ ಸಲ ಒಬ್ಬರ ಮೇಲೇ, ಅದರಲ್ಲೂ ಅತಿ ಕಿರಿಯ ಮೇಡಂ ಮೇಲೇ ಬೀಳುತ್ತಿದ್ದರೆ ಸರದಿ ಮಾಡಿ.

ಹೆಜ್ಜೆ 7: ಎರಡು ಸಭೆಗಳ ನಡುವೆ

ಸಭೆ ಮುಗಿದ ದಿನವೇ ನಿಮ್ಮ ಪಾಲಿನ ಕೆಲಸವನ್ನು ನಿಮ್ಮ ವೇಳಾಪಟ್ಟಿಯಲ್ಲಿ ಬರೆದುಕೊಳ್ಳಿ. ‘ಗ್ರಂಥಪಾಲಕರನ್ನು ಭೇಟಿ ಮಾಡುವುದು, ಗುರುವಾರ, ಮೂರನೇ ಅವಧಿ’ ಎಂದು ಬರೆದರೆ ಅದು ಆಗುತ್ತದೆ. ‘ವಿಚಾರಿಸಬೇಕು’ ಎಂದು ಮನಸ್ಸಿನಲ್ಲಿ ಇಟ್ಟುಕೊಂಡರೆ ಮುಂದಿನ ಸಭೆಯ ಹಿಂದಿನ ರಾತ್ರಿ ನೆನಪಾಗುತ್ತದೆ.

ತೀರ್ಮಾನದಿಂದ ಕೆಲಸ ಹೆಚ್ಚಾಗುವವರ ಹತ್ತಿರ ಮೊದಲು ಹೋಗಿ. ಪ್ರಿನ್ಸಿಪಾಲರ ಹತ್ತಿರ ಆಮೇಲೆ. ಗ್ರಂಥಾಲಯ ತೆರೆದಿಡಬೇಕಾದವರು ಗ್ರಂಥಾಲಯದ ಸಿಬ್ಬಂದಿ. ಅವರಿಗೆ ಮನೆಗೆ ಹೋಗಲು ಕೊನೆಯ ಬಸ್ಸು ಎಷ್ಟು ಹೊತ್ತಿಗೆ ಅಂತ ಕೇಳದೆ ಮಾಡಿದ ತೀರ್ಮಾನ ಕಾಗದದಲ್ಲೇ ಉಳಿಯುತ್ತದೆ, ಉಳಿಯಬೇಕಾದ್ದೂ ಹೌದು. ನಾವು ಕೊನೆಗೆ ಅದನ್ನು ಜಾರಿ ಮಾಡಿದ್ದು ಮರುವರ್ಷ. ಇಬ್ಬರು ಸಿಬ್ಬಂದಿ ಬೆಳಗ್ಗೆ ಎರಡು ಗಂಟೆ ತಡವಾಗಿ ಬರುವ ಸರದಿಯನ್ನು ಅವರೇ ಸೂಚಿಸಿದರು. ನಮ್ಮ ಸಮಿತಿಯಲ್ಲಿ ಯಾರಿಗೂ ಹೊಳೆಯದಿದ್ದ ದಾರಿ ಅದು.

ಸಲಹಾ ಸಮಿತಿಯಾದರೆ ಶಿಫಾರಸನ್ನು ಹೇಗೆ ಬರೆಯುತ್ತೀರಿ ಎಂಬುದರ ಮೇಲೆ ಅರ್ಧ ಫಲಿತಾಂಶ ನಿಂತಿದೆ. ಮೊದಲ ಸಾಲಿನಲ್ಲೇ ನೀವು ಕೇಳುತ್ತಿರುವುದು ಏನು ಅಂತ ಇರಲಿ. ಖರ್ಚು ಇದ್ದರೆ ಯಾವ ಲೆಕ್ಕದಿಂದ ಎಂದು ಬರೆಯಿರಿ. ಯಾವಾಗ ಉತ್ತರ ಬೇಕು, ಯಾಕೆ ಆವತ್ತಿಗೇ ಬೇಕು ಎಂಬುದೂ ಇರಲಿ. ಉತ್ತರ ‘ಆಗುವುದಿಲ್ಲ’ ಎಂದಾದರೆ ಕಾರಣವನ್ನು ಬರಹದಲ್ಲಿ ಕೊಡಿ ಎಂದು ವಿನಯದಿಂದ ಕೇಳಿ. ಕಾರಣ ಗೊತ್ತಾದರೆ ಮುಂದಿನ ಸಲ ಬೇರೆ ದಾರಿ ಹುಡುಕಬಹುದು. ಮೌನದಿಂದ ಏನೂ ಕಲಿಯಲು ಆಗುವುದಿಲ್ಲ.

ಹೆಜ್ಜೆ 8: ದೂರು ಮತ್ತು ವಿಚಾರಣೆಯ ಸಮಿತಿಗಳಲ್ಲಿ

ಇಲ್ಲಿ ನಿಧಾನವಾಗಿ ಓದಿ. ಶಿಸ್ತು, ಲೈಂಗಿಕ ಕಿರುಕುಳ, ಪರೀಕ್ಷಾ ಅಕ್ರಮ, ಕೃತಿಚೌರ್ಯ, ಇಂಥ ಸಮಿತಿಗಳಲ್ಲಿ ಒಬ್ಬರ ಬದುಕು ನಿಮ್ಮ ಕೈಯಲ್ಲಿ ಇರುತ್ತದೆ. ಹೆಚ್ಚಿನ ಸಲ ಇಬ್ಬರದ್ದು.

ಮೊದಲು ಸಂಬಂಧ ನೋಡಿ. ದೂರು ಕೊಟ್ಟವರು ಅಥವಾ ದೂರು ಎದುರಿಸುವವರು ನಿಮ್ಮ ಸಂಶೋಧನಾ ವಿದ್ಯಾರ್ಥಿಯೇ, ನೆಂಟರೇ, ಹತ್ತಿರದ ಸ್ನೇಹಿತರೇ, ನಿಮ್ಮ ಜೊತೆ ಜಗಳವಾದವರೇ? ಹೌದಾದರೆ ಲಿಖಿತವಾಗಿ ತಿಳಿಸಿ ಆ ಪ್ರಕರಣದಿಂದ ಹಿಂದೆ ಸರಿಯಿರಿ. ನೀವು ನ್ಯಾಯವಾಗಿಯೇ ನಡೆದುಕೊಳ್ಳುತ್ತೀರಿ ಎಂಬುದು ನಿಮಗೆ ಗೊತ್ತು, ಎದುರಿಗೆ ಕೂತವರಿಗೆ ಗೊತ್ತಿಲ್ಲ. ಅವರಿಗೆ ತೀರ್ಪಿನ ಮೇಲೆ ನಂಬಿಕೆ ಬರಬೇಕು.

ಆಮೇಲೆ ನಿಯಮ. ಭಾರತದ 2013ರ ಕಾಯ್ದೆಯ ಪ್ರಕಾರ ಲೈಂಗಿಕ ಕಿರುಕುಳದ ಆಂತರಿಕ ಸಮಿತಿಯಲ್ಲಿ ಕನಿಷ್ಠ ಅರ್ಧದಷ್ಟು ಮಹಿಳೆಯರು ಇರಬೇಕು. ಅಧ್ಯಕ್ಷತೆ ಹಿರಿಯ ಹುದ್ದೆಯ ಮಹಿಳೆಯದ್ದು. ಹೊರಗಿನ ಸದಸ್ಯರೊಬ್ಬರು ಇರಲೇಬೇಕು. ವಿಚಾರಣೆ 90 ದಿನದಲ್ಲಿ ಮುಗಿಯಬೇಕು. ದೂರುದಾರರ ಗುರುತು ಮತ್ತು ವಿಚಾರಣೆಯ ವಿವರ ಹೊರಹಾಕುವುದನ್ನು ಕಾಯ್ದೆಯೇ ನಿಷೇಧಿಸಿದೆ. ಬೇರೆ ದೇಶಗಳಲ್ಲಿ ದಿನಗಳ ಲೆಕ್ಕ ಬೇರೆ ಇರಬಹುದು. ಎರಡೂ ಕಡೆಯವರ ಮಾತು ಕೇಳಬೇಕು, ಆರೋಪ ಏನೆಂದು ಬರಹದಲ್ಲಿ ತಿಳಿಸಬೇಕು, ಉತ್ತರಕ್ಕೆ ಸಮಯ ಕೊಡಬೇಕು ಎಂಬುದು ಎಲ್ಲ ಕಡೆಗೂ ಸಲ್ಲುತ್ತದೆ.

ಗೋಪ್ಯತೆ ಬಗ್ಗೆ ಇಷ್ಟು ಹೇಳುತ್ತೇನೆ. ಸ್ಟಾಫ್ ರೂಮಿನಲ್ಲಿ ಯಾರಾದರೂ “ಏನಾಯ್ತಂತೆ?” ಎಂದು ಕೇಳಿದರೆ, ಅದು ಎಷ್ಟೇ ಆಪ್ತರಾದರೂ, “ಅದರ ಬಗ್ಗೆ ಮಾತಾಡೋ ಹಾಗಿಲ್ಲ” ಎಂದು ಹೇಳಿ ಮಾತು ಬದಲಿಸಿ. ‘ಹೆಸರು ಹೇಳಿಲ್ಲವಲ್ಲ’ ಎಂಬ ಸಮಾಧಾನ ಸಾಲದು. ಸಣ್ಣ ಕಾಲೇಜಿನಲ್ಲಿ ತರಗತಿ ಹೇಳಿದರೆ ಹೆಸರು ಹೇಳಿದಂತೆಯೇ. ಕಡತ ಮನೆಗೆ ಒಯ್ಯಬೇಡಿ. ವಾಟ್ಸಾಪ್ ಗುಂಪಿನಲ್ಲಿ ದೂರಿನ ಫೋಟೋ ಹಾಕಲೇಬೇಡಿ.

ಹೆಜ್ಜೆ 9: ಹೊರಗಿನ ಸಲಹಾ ಮಂಡಳಿಗಳಲ್ಲಿ ಕೂರುವಾಗ

ಇನ್ನೊಂದು ಕಾಲೇಜಿನ ಅಧ್ಯಯನ ಮಂಡಳಿ, ಒಂದು ಸ್ವಯಂಸೇವಾ ಸಂಸ್ಥೆ, ಒಂದು ಉದ್ಯಮ. ಇಂಥ ಕಡೆಯಿಂದ ಕರೆ ಬಂದರೆ ಮೊದಲು ನಿಮ್ಮ ಸಂಸ್ಥೆಯ ಅನುಮತಿ ಬರಹದಲ್ಲಿ ಪಡೆಯಿರಿ. ಗೌರವಧನ ಇದ್ದರೆ ಅದನ್ನೂ ತಿಳಿಸಿ. ಅಲ್ಲಿ ಮಾತಾಡುವಾಗ ಇದು ನಿಮ್ಮ ಸ್ವಂತ ಅಭಿಪ್ರಾಯವೋ ಕಾಲೇಜಿನ ನಿಲುವೋ ಎಂದು ಸ್ಪಷ್ಟವಾಗಿ ಹೇಳಿ. ಬರೀ ನಿಮ್ಮ ಹೆಸರು ತಮ್ಮ ಪತ್ರದ ತಲೆಬರಹದಲ್ಲಿ ಬೇಕು ಎನ್ನುವ ಮಂಡಳಿಗಳೂ ಇವೆ. ವರ್ಷ ಕಳೆದರೂ ಒಂದು ಸಭೆ ಕರೆಯದಿದ್ದರೆ ಪತ್ರ ಬರೆದು ಹೊರಬನ್ನಿ.

ಹೆಜ್ಜೆ 10: ನೀವೇ ಸಂಚಾಲಕರಾದರೆ

ಮೇಲಿನದ್ದೆಲ್ಲ ನಿಮಗೂ ಅನ್ವಯ. ಜೊತೆಗೆ ಮೂರು ಮಾತು. ನಿಮ್ಮ ಅಭಿಪ್ರಾಯವನ್ನು ಕೊನೆಗೆ ಹೇಳಿ, ಮೊದಲೇ ಹೇಳಿದರೆ ಚರ್ಚೆ ಅಲ್ಲಿಗೇ ಮುಗಿಯುತ್ತದೆ. ಕಿರಿಯರನ್ನು ಮೊದಲು ಕೇಳಿ. ತೀರ್ಮಾನಿಸಲು ಏನೂ ಇಲ್ಲದಿದ್ದರೆ ಸಭೆ ರದ್ದು ಮಾಡಿ. ಮೂರನೆಯದನ್ನು ಮಾಡಿದಾಗ ನನ್ನ ಸಮಿತಿಯವರು ಮುಂದಿನ ಸಭೆಗೆ ಒಬ್ಬರೂ ತಪ್ಪದೆ ಬಂದರು.

ಹೆಜ್ಜೆ 11: ದಾಖಲೆ ಇಟ್ಟುಕೊಳ್ಳಿ, ಬಿಡುವಾಗ ಒಪ್ಪಿಸಿ

ನೇಮಕದ ಆದೇಶ, ಹಾಜರಾದ ಸಭೆಗಳು, ನೀವೇ ಬರೆದ ವರದಿ, ಜಾರಿಯಾದ ತೀರ್ಮಾನ. ಇವನ್ನು ಒಂದೇ ಫೈಲಿನಲ್ಲಿ ಇಡಿ. ವಾರ್ಷಿಕ ಮೌಲ್ಯಮಾಪನದಲ್ಲಿ ‘ಗ್ರಂಥಾಲಯ ಸಮಿತಿ ಸದಸ್ಯ’ ಎಂದು ಬರೆದು ನಿಲ್ಲಿಸಬೇಡಿ. ‘ಪರೀಕ್ಷಾ ದಿನಗಳಲ್ಲಿ ಗ್ರಂಥಾಲಯದ ಸಮಯ ಎರಡು ಗಂಟೆ ವಿಸ್ತರಿಸುವ ಯೋಜನೆ ಸಿದ್ಧಪಡಿಸಿ ಜಾರಿಗೆ ತಂದದ್ದು’ ಎಂದು ಬರೆಯಿರಿ. ಸೇವೆಗೆ ಬೆಲೆ ಸಿಗುತ್ತಿಲ್ಲ ಎಂದು ನಾವೆಲ್ಲ ಹೇಳುತ್ತೇವೆ. ಏನು ಮಾಡಿದೆವು ಎಂದು ಬರೆಯದೆ ಬೆಲೆ ಕಟ್ಟುವುದು ಹೇಗೆ?

ಅವಧಿ ಮುಗಿದಾಗ ಮುಂದಿನವರಿಗೆ ಎರಡು ಪುಟದ ಒಂದು ಪತ್ರ ಬರೆಯಿರಿ. ಮುಗಿದದ್ದು, ಅರ್ಧಕ್ಕೆ ನಿಂತದ್ದು, ಯಾರನ್ನು ಕೇಳಿದರೆ ಕೆಲಸ ಆಗುತ್ತದೆ, ಯಾವ ದಾರಿ ಹಿಡಿದು ಸೋತೆವು. ಮೂರು ಕಲಂನ ಆ ಹಾಳೆಯನ್ನೂ ಜೊತೆಗೆ ಇಡಿ. ನಾನು ಗ್ರಂಥಾಲಯ ಸಮಿತಿ ಬಿಟ್ಟಾಗ ಅದರಲ್ಲಿ ಎರಡು ಖಾಲಿ ಜಾಗ ಉಳಿದಿದ್ದವು. ಒಂದು, ರಜಾದಿನಗಳಲ್ಲಿ ಹಾಸ್ಟೆಲ್ ಮಕ್ಕಳಿಗೆ ಓದುವ ಕೋಣೆ. ಇನ್ನೊಂದು, ಕಣ್ಣು ಕಾಣದ ವಿದ್ಯಾರ್ಥಿಗಳಿಗೆ ಪುಸ್ತಕ ಓದಿ ಹೇಳುವ ತಂತ್ರಾಂಶ. ನನ್ನ ನಂತರ ಬಂದ ಮೇಡಂ ಆ ಹಾಳೆ ಹಿಡಿದುಕೊಂಡೇ ಮೊದಲ ಸಭೆಗೆ ಹೋದರು.